ಟಾಕೀಸು ಮುಚ್ಚಿದರೆ ಊರು ಕಳೆದುಕೊಳ್ಳುವುದೇನು?

ಬಿ.ಆರ್. ಪಂತುಲು ನಿರ್ದೇಶನದ ‘ಕಿತ್ತೂರು ಚೆನ್ನಮ್ಮ’ ಚಲನಚಿತ್ರ 1961ರಲ್ಲಿ ತೆರೆಕಂಡಿತು. ಬಿ. ಸರೋಜಾದೇವಿ ರಾಣಿಯಾಗಿಯೂ ರಾಜ್‌ಕುಮಾರ್ ಮಲ್ಲಸರ್ಜ ದೇಸಾಯಿಯಾಗಿಯೂ ಅಭಿನಯಿಸಿದ ಆ ಚಿತ್ರವನ್ನು ನಿರ್ಮಿಸಿದ್ದು ಮದ್ರಾಸಿನ ಸಂಸ್ಥೆ. ಆದರೆ ಕಥೆ ನಡೆದ ನೆಲ ಬೆಳಗಾವಿ ಜಿಲ್ಲೆಯದು. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದದ್ದು ಕಿತ್ತೂರಿನ ಕೋಟೆಯ ಮುಂದೆ. ಸೆರೆಯಾದ ರಾಣಿ 1829ರಲ್ಲಿ ಕೊನೆಯುಸಿರೆಳೆದದ್ದು ಬೈಲಹೊಂಗಲದಲ್ಲಿ. ರಾಯಣ್ಣನ ಸಂಗೊಳ್ಳಿ ಇರುವುದೂ ಬೈಲಹೊಂಗಲ ತಾಲೂಕಿನಲ್ಲೇ.

ಟಿ.ವಿ. ಇಲ್ಲದ ಆ ಕಾಲದಲ್ಲಿ ಈ ನಾಡಿನ ಜನ ತಮ್ಮದೇ ಇತಿಹಾಸವನ್ನು ಪರದೆಯ ಮೇಲೆ ನೋಡಲು ಇದ್ದ ದಾರಿ ಒಂದೇ. ಮದ್ರಾಸಿನಲ್ಲಿ ತಯಾರಾದ ಚಿತ್ರ ತಗಡಿನ ಪೆಟ್ಟಿಗೆಗಳಲ್ಲಿ ರೈಲು, ಬಸ್ಸು ಏರಿ ಬರಬೇಕಿತ್ತು. ಅದನ್ನು ತೋರಿಸಲು ಊರಿನಲ್ಲೊಂದು ಟಾಕೀಸು ಇರಬೇಕಿತ್ತು, ಇಲ್ಲವೇ ಜಾತ್ರೆಯ ಬಯಲಿನಲ್ಲೊಂದು ಡೇರೆ ಏಳಬೇಕಿತ್ತು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದಂಥ ಊರುಗಳಲ್ಲಿ ಸಿನಿಮಾ ಎಂಬುದು ಕಲೆಯಾಗುವ ಮೊದಲು ಒಂದು ಸ್ಥಳವಾಗಿತ್ತು.

ರಾಜ್ಯದಲ್ಲಿ ಏಕಪರದೆ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಬೆಂಗಳೂರಿನ ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಮುಚ್ಚಿತು. ಮೈಸೂರಿನ ಶಾಂತಲಾ 2020ರಲ್ಲಿ ಪ್ರದರ್ಶನ ನಿಲ್ಲಿಸಿತು. ಬೆಂಗಳೂರಿನ ಕಾವೇರಿ 2024ರಲ್ಲಿ ನೆಲಸಮವಾಯಿತು. ನಗರದ ಚಿತ್ರಮಂದಿರ ಮುಚ್ಚಿದಾಗ ಪತ್ರಿಕೆಗಳಲ್ಲಿ ನೆನಪಿನ ಲೇಖನಗಳು ಬರುತ್ತವೆ. ಪ್ರೇಕ್ಷಕ ಮತ್ತೊಂದು ಪರದೆಗೆ ಹೋಗುತ್ತಾನೆ. ತಾಲೂಕು ಊರಿನ ಮಾತು ಹಾಗಲ್ಲ. ಅಲ್ಲಿ ಒಂದು ಟಾಕೀಸು ಮುಚ್ಚಿದರೆ ಮುಂದಿನ ಪರದೆ ಹಲವು ಸಲ ಇನ್ನೊಂದು ಊರಿನಲ್ಲಿರುತ್ತದೆ. ಆದ್ದರಿಂದ ಈ ವ್ಯವಸ್ಥೆ ಹೇಗೆ ಬೆಳೆಯಿತು, ಯಾವ ಲೆಕ್ಕದ ಮೇಲೆ ನಿಂತಿತ್ತು, ಯಾವ ಕಾರಣಕ್ಕೆ ಕುಸಿಯುತ್ತಿದೆ ಎಂಬುದನ್ನು ಅರಿಯುವುದು ಅಗತ್ಯ.

ನಾಟಕದ ಡೇರೆಯಿಂದ ಸಿನಿಮಾದ ಡೇರೆಗೆ

ಉತ್ತರ ಕರ್ನಾಟಕದಲ್ಲಿ ಟಿಕೆಟ್ ಕೊಂಡು ಸಾಲಾಗಿ ಕುಳಿತು ಕಥೆ ನೋಡುವ ರೂಢಿಯನ್ನು ಕಲಿಸಿದ್ದು ಸಿನಿಮಾ ಅಲ್ಲ, ವೃತ್ತಿ ನಾಟಕ ಕಂಪನಿಗಳು. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು ‘ಕಲಾವೈಭವ ನಾಟ್ಯ ಸಂಘ’ ಕಟ್ಟಿಕೊಂಡು ಊರೂರು ಸುತ್ತಿದರು. ‘ಜಗಜ್ಯೋತಿ ಬಸವೇಶ್ವರ’ ನಾಟಕದ ಬಸವಣ್ಣನ ಪಾತ್ರದಿಂದ ಮನೆಮಾತಾದ ಅವರು 2017ರಲ್ಲಿ, ನೂರು ವರ್ಷ ದಾಟಿದ ಮೇಲೆ ನಿಧನರಾದರು. ಕಂಪನಿಯ ಕ್ಯಾಂಪು ಹೂಡುವುದು, ಜಾಹೀರಾತು ಸಾರುವುದು, ನೆಲ–ಬೆಂಚು–ಕುರ್ಚಿ ಎಂದು ದರ ಬೇರ್ಪಡಿಸುವುದು, ಹೆಣ್ಣುಮಕ್ಕಳಿಗೆ ಬೇರೆ ಜಾಗ ಬಿಡುವುದು ಮುಂತಾದ ಪದ್ಧತಿಗಳೆಲ್ಲ ನಾಟಕದ ಥಿಯೇಟರಿನಿಂದಲೇ ಸಿನಿಮಾದ ಡೇರೆಗೆ ಬಂದವು.

ಟೂರಿಂಗ್ ಟಾಕೀಸಿನ ಬಳಿ ಸಾಮಾನ್ಯವಾಗಿ ಒಂದೇ ಪ್ರೊಜೆಕ್ಟರ್ ಇರುತ್ತಿತ್ತು. ಡೇರೆಯೊಳಗೆ ಬೆಳಕು ನುಸುಳುವುದರಿಂದ ಕತ್ತಲಾದ ಮೇಲೆಯೇ ಆಟ. ಸಾವಿರ ಅಡಿಯ ಒಂದು ರೀಲು ಓಡುವುದು ಸುಮಾರು 11 ನಿಮಿಷ. ಎರಡೂವರೆ ತಾಸಿನ ಚಿತ್ರಕ್ಕೆ 13–14 ರೀಲುಗಳು ಬೇಕು. ಒಂದೇ ಯಂತ್ರವಿದ್ದಲ್ಲಿ ರೀಲು ಬದಲಿಸಲು ಆಟ ನಿಲ್ಲಿಸಲೇಬೇಕಾಗುತ್ತಿತ್ತು. ಹೀಗಾಗಿ ಡೇರೆಯ ಪ್ರೇಕ್ಷಕರಿಗೆ ಒಂದಲ್ಲ, ಮೂರು ನಾಲ್ಕು ಮಧ್ಯಂತರಗಳು. ಶೇಂಗಾ, ಚುರುಮುರಿ, ಚಹಾದ ವ್ಯಾಪಾರ ಬೆಳೆದದ್ದು ಈ ಬಿಡುವುಗಳಲ್ಲೇ. ಎರಡು ಯಂತ್ರಗಳಿದ್ದ ಕಾಯಂ ಚಿತ್ರಮಂದಿರ ಬಂದ ಮೇಲೆ ಆಟ ತಡೆಯಿಲ್ಲದೆ ಸಾಗಿತು. ಹಗಲು ಪ್ರದರ್ಶನವೂ ಸಾಧ್ಯವಾಯಿತು.

ಹಳೆಯ ಎಲ್ಲೆಗಳ ನೆರಳು

ಈ ಭಾಗದ ಸಿನಿಮಾ ಇತಿಹಾಸ ಹಳೆಯ ಮೈಸೂರಿನದಕ್ಕಿಂತ ಭಿನ್ನ. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯಕ್ಕೆ ಸೇರಿತ್ತು. ರಾಮದುರ್ಗವಂತೂ 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಇವುಗಳಿಗೆ ಹತ್ತಿರದ ಚಿತ್ರನಗರಿ ಬೆಂಗಳೂರಲ್ಲ, ಕೊಲ್ಹಾಪುರ. ಪ್ರಭಾತ್ ಫಿಲ್ಮ್ ಕಂಪನಿ 1929ರಲ್ಲಿ ಹುಟ್ಟಿದ್ದು ಅಲ್ಲಿಯೇ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಚಿತ್ರೀಕರಣ ನಡೆದದ್ದೂ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ.

ಮುಂಬೈ ಚಿತ್ರರಂಗದ ಸಂಪಾದನೆ ಈ ಭಾಗದ ಚಿತ್ರಮಂದಿರವಾಗಿ ಮರಳಿದ ಉದಾಹರಣೆಯೂ ಉಂಟು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬೈಗೆ ಹೋಗಿ ಹಿಂದಿ ಚಿತ್ರಗಳ ಹೆಸರಾಂತ ಗಾಯಕಿಯಾದರು. 1943ರ ‘ಕಿಸ್ಮತ್’ ಚಿತ್ರಕ್ಕೆ ಅವರು ಹಾಡಿದ ಗೀತೆಗಳು ದೇಶದ ಉದ್ದಗಲ ಮೊಳಗಿದವು; ಆ ಚಿತ್ರ ಕಲ್ಕತ್ತೆಯ ರಾಕ್ಸಿಯಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ವಿಜಯಪುರದ ಅಮೀರ್ ಟಾಕೀಸು ಇದೇ ಗಾಯಕಿಯ ಹೆಸರನ್ನು ಹೊತ್ತಿದೆ. ದೊಡ್ಡ ಸರಪಳಿ ಕಂಪನಿಗಳಿಲ್ಲದ ಕಾಲದಲ್ಲಿ ಚಿತ್ರಮಂದಿರಗಳು ಹುಟ್ಟುತ್ತಿದ್ದುದು ಹೀಗೆ. ಒಬ್ಬ ಕಲಾವಿದೆ, ಒಬ್ಬ ಹತ್ತಿ ವ್ಯಾಪಾರಿ, ಒಂದು ಜಮೀನುದಾರ ಮನೆತನ ತಮ್ಮ ಹಣವನ್ನೂ ಜಾಗವನ್ನೂ ತೊಡಗಿಸಿದರೆ ಊರಿಗೊಂದು ಪರದೆ.

ರಾಜ್ಯದ ಎಲ್ಲೆಗಳು 1956ರಲ್ಲಿ ಬದಲಾದರೂ ಚಿತ್ರ ವಿತರಣೆಯ ಎಲ್ಲೆಗಳು ಬದಲಾಗಲಿಲ್ಲ. ಹಿಂದಿ ಚಿತ್ರಗಳ ವ್ಯಾಪಾರದಲ್ಲಿ ಬೆಳಗಾವಿ, ಧಾರವಾಡ, ವಿಜಯಪುರದ ಸೀಮೆ ಮುಂಬೈ ವಲಯದಲ್ಲೂ, ಕಲಬುರಗಿ, ಬೀದರ, ರಾಯಚೂರಿನ ಸೀಮೆ ನಿಜಾಮ್ ವಲಯದಲ್ಲೂ, ಹಳೆಯ ಮೈಸೂರು ಮೈಸೂರು ವಲಯದಲ್ಲೂ ಉಳಿದುಕೊಂಡವು. ಕನ್ನಡ ಚಿತ್ರದ ಪೆಟ್ಟಿಗೆ ಮಾತ್ರ ಬೆಂಗಳೂರಿನ ಗಾಂಧಿನಗರದಿಂದಲೇ ಬರಬೇಕು. ಮುಂಬೈ ಕರ್ನಾಟಕಕ್ಕೆ ಸರ್ಕಾರ 2021ರಲ್ಲಿ ‘ಕಿತ್ತೂರು ಕರ್ನಾಟಕ’ ಎಂದು ಹೆಸರಿಟ್ಟಿತು. ಆದರೆ ದಶಕಗಳ ಕಾಲ ಇಲ್ಲಿನ ಪ್ರದರ್ಶಕ ಒಂದು ಕೈಯನ್ನು ಮುಂಬೈಗೆ, ಇನ್ನೊಂದು ಕೈಯನ್ನು ಗಾಂಧಿನಗರಕ್ಕೆ ಚಾಚಿಯೇ ವ್ಯಾಪಾರ ಮಾಡಿದ್ದ. ಗಡಿ ಜಿಲ್ಲೆಯ ಪರದೆಯ ಮೇಲೆ ಕನ್ನಡ, ಹಿಂದಿ, ಮರಾಠಿ ಮೂರೂ ಓಡಿದ್ದರ ಹಿನ್ನೆಲೆ ಇದು.

ಪರವಾನಗಿಯ ಹಾದಿ

ಚಿತ್ರಮಂದಿರ ನಡೆಸುವುದು ಅಂಗಡಿ ತೆರೆದಷ್ಟು ಸರಳವಲ್ಲ. ಕರ್ನಾಟಕದಲ್ಲಿ ಇದಕ್ಕೆ 1964ರ ಸಿನಿಮಾ ನಿಯಂತ್ರಣ ಕಾಯ್ದೆ ಹಾಗೂ 1971ರ ನಿಯಮಗಳು ಅನ್ವಯವಾಗುತ್ತವೆ. ಜಿಲ್ಲಾ ದಂಡಾಧಿಕಾರಿಯೇ ಪರವಾನಗಿ ಪ್ರಾಧಿಕಾರಿ. ಕಟ್ಟಡದ ಭದ್ರತೆ, ಹೊರಹೋಗುವ ಬಾಗಿಲುಗಳು, ವಿದ್ಯುತ್ ವ್ಯವಸ್ಥೆ, ಅಗ್ನಿಶಮನ ಮುಂತಾದವು ಬೇರೆ ಬೇರೆ ಇಲಾಖೆಗಳ ಪರಿಶೀಲನೆಗೆ ಒಳಪಡುತ್ತವೆ. ಟೂರಿಂಗ್ ಟಾಕೀಸಿಗೆ ಸಿಗುವುದು ನಿಗದಿತ ಅವಧಿಯ ಪರವಾನಗಿ ಮಾತ್ರ.

ಈ ಕಟ್ಟುನಿಟ್ಟಿಗೆ ಕಾರಣವಿದೆ. ಹಳೆಯ ಕಾಲದ ನೈಟ್ರೇಟ್ ಫಿಲ್ಮು ಸುಲಭವಾಗಿ ಹೊತ್ತಿ ಉರಿಯುವ ವಸ್ತು. ಪ್ರೊಜೆಕ್ಟರಿನೊಳಗೆ ಉರಿಯುತ್ತಿದ್ದುದು ಎರಡು ಇಂಗಾಲದ ಕಡ್ಡಿಗಳ ನಡುವಿನ ವಿದ್ಯುತ್ ಜ್ವಾಲೆ. ಆದ್ದರಿಂದಲೇ ಪ್ರೊಜೆಕ್ಟರ್ ಕೋಣೆಗೆ ದಪ್ಪ ಗೋಡೆ, ಸಣ್ಣ ಕಿಂಡಿ, ಕಬ್ಬಿಣದ ಮುಚ್ಚಳ. ಸುರಕ್ಷಿತ ಫಿಲ್ಮು ಬಂದ ಮೇಲೂ ಅಪಾಯ ಪೂರ್ತಿ ತಪ್ಪಲಿಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿ 59 ಜನರನ್ನು ಬಲಿ ತೆಗೆದುಕೊಂಡಿತು. ಸುರಕ್ಷತೆಯ ನಿಯಮ ಸಡಿಲಿಸಬೇಕೆಂದು ಯಾರೂ ಹೇಳಲಾರರು. ಆದರೆ ದೊಡ್ಡ ಸಭಾಂಗಣವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ವಿಧಾನವೇ ನೂರು ಆಸನದ ಪುಟ್ಟ ಪರದೆಗೂ ಎದುರಾದರೆ ಹೊಸದಾಗಿ ಕಟ್ಟುವವರು ಹಿಂಜರಿಯುತ್ತಾರೆ ಎಂಬುದನ್ನೂ ಮರೆಯುವಂತಿಲ್ಲ.

ಒಂದೇ ಚಾವಣಿ, ಬೇರೆ ಬೇರೆ ದರ

ತಾಲೂಕು ಊರಿನ ಟಾಕೀಸು ಸಂತೆ, ಬಸ್ ನಿಲ್ದಾಣ, ಎ.ಪಿ.ಎಂ.ಸಿ.ಗಳ ಲಯಕ್ಕೆ ಹೊಂದಿಕೊಂಡು ಬದುಕಿತು. ಬೈಲಹೊಂಗಲ ಹತ್ತಿಯ ಪೇಟೆ. ರಾಮದುರ್ಗದ ಸುತ್ತ ನೇಕಾರರ ಮಗ್ಗಗಳು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಲಕ್ಷಾಂತರ ಭಕ್ತರು ಸೇರುತ್ತಾರೆ. ಮಾಲು ಮಾರಿ ಕೈಯಲ್ಲಿ ಹಣ ಆಡುವ ದಿನ, ಜಾತ್ರೆಯ ದಿನ, ಸಂತೆಯ ದಿನ ಇಂಥ ಊರುಗಳ ಟಾಕೀಸು ತುಂಬುತ್ತದೆ. ಬಿತ್ತನೆಯ ದಿನಗಳಲ್ಲಿ ಖಾಲಿಯಾಗುತ್ತದೆ. ಮಳೆ ಕೈಕೊಟ್ಟ ವರ್ಷ ಟಿಕೆಟ್ ಖಿಡಕಿಯಲ್ಲೂ ಬರವೇ.

ಚಿತ್ರಮಂದಿರ ಎಲ್ಲರನ್ನೂ ಸಮಾನರನ್ನಾಗಿ ಮಾಡಿತು ಎಂದರೆ ಅತಿಶಯೋಕ್ತಿಯಾದೀತು. ಪರದೆಗೆ ತೀರ ಹತ್ತಿರದ ‘ಗಾಂಧಿ ಕ್ಲಾಸು’ ಕೂಲಿಕಾರನದಾದರೆ ಬಾಲ್ಕನಿ ಉಳ್ಳವರದು. ಊರಿನ ತಾರತಮ್ಯಗಳು ಟಿಕೆಟ್ಟಿನ ಬಣ್ಣದಲ್ಲಿ ಕಾಣುತ್ತಿದ್ದವು. ಆದರೂ ಒಂದು ವ್ಯತ್ಯಾಸವಿತ್ತು. ಗುಡಿಯಲ್ಲಿ, ಬಾವಿಯ ಕಟ್ಟೆಯಲ್ಲಿ, ಊಟದ ಪಂಕ್ತಿಯಲ್ಲಿ ಜಾಗವನ್ನು ಹುಟ್ಟು ನಿರ್ಧರಿಸುತ್ತಿತ್ತು. ಟಾಕೀಸಿನಲ್ಲಿ ಅದನ್ನು ನಿರ್ಧರಿಸುತ್ತಿದ್ದುದು ಟಿಕೆಟ್ಟಿನ ದರ. ಹಣ ಕೊಟ್ಟವನನ್ನು ಯಾವ ಕುಲದವನೆಂದು ಕೇಳದೆ ಒಳಗೆ ಬಿಡುವ ಸ್ಥಳಗಳು ಹಳ್ಳಿಗಾಡಿನಲ್ಲಿ ಹೆಚ್ಚಿರಲಿಲ್ಲ, ಟಾಕೀಸು ಅಂಥದೊಂದಾಗಿತ್ತು.

ಹೆಣ್ಣುಮಕ್ಕಳ ಪಾಲಿಗೆ ಅದರ ಮಹತ್ವ ಮತ್ತೂ ಬೇರೆ. ಗುಡಿ, ಜಾತ್ರೆ, ಮದುವೆ, ಬಾಣಂತನಗಳ ಹೊರತಾಗಿ ಮನೆಯಿಂದ ಹೊರಬರಲು ಒಪ್ಪಿತವಾದ ಕಾರಣಗಳಲ್ಲಿ ಮ್ಯಾಟಿನಿ ಆಟವೂ ಸೇರಿತ್ತು. ನೆರೆಮನೆಯವರೊಡನೆ ಹೋಗಿ, ಮೂರು ತಾಸು ಕುಳಿತು, ಅತ್ತು ನಕ್ಕು ಬರುವ ಆ ಬಿಡುವನ್ನು ಮನೆಯ ಟಿ.ವಿ. ತುಂಬಿಕೊಟ್ಟಿಲ್ಲ. ಟಿ.ವಿ.ಯ ಮುಂದೆ ಕುಳಿತವಳನ್ನು ಒಲೆಯ ಮೇಲಿನ ಹಾಲು ಕರೆಯುತ್ತಲೇ ಇರುತ್ತದೆ.

ಒಂದು ದಿನದ ಲೆಕ್ಕ

ಚಿತ್ರಮಂದಿರ ಹಾಗೂ ವಿತರಕರ ನಡುವಿನ ಒಪ್ಪಂದ ಮುಖ್ಯವಾಗಿ ಮೂರು ಬಗೆ. ವಿತರಕ ವಾರಕ್ಕೆ ಇಂತಿಷ್ಟು ಬಾಡಿಗೆ ಕೊಟ್ಟು ಚಿತ್ರಮಂದಿರ ಪಡೆಯುವುದು ಒಂದು. ಗಳಿಕೆಯನ್ನು ಶೇಕಡಾವಾರು ಹಂಚಿಕೊಳ್ಳುವುದು ಇನ್ನೊಂದು. ದೊಡ್ಡ ನಟರ ಚಿತ್ರವಾದರೆ ಪ್ರದರ್ಶಕನೇ ಮುಂಗಡವಾಗಿ ಕನಿಷ್ಠ ಮೊತ್ತದ ಖಾತರಿ ಕೊಡುವುದು ಮೂರನೆಯದು. ಮೊದಲ ಬಗೆಯಲ್ಲಿ ನಷ್ಟದ ಹೊರೆ ವಿತರಕನದು, ಮೂರನೆಯದರಲ್ಲಿ ಪ್ರದರ್ಶಕನದು.

ಉದಾಹರಣೆಗೆ 500 ಆಸನದ ಒಂದು ಚಿತ್ರಮಂದಿರವನ್ನು ಊಹಿಸಿಕೊಳ್ಳಬಹುದು. ದಿನಕ್ಕೆ ನಾಲ್ಕು ಆಟವೆಂದರೆ 2,000 ಆಸನಗಳು. ಸಾಧಾರಣ ದಿನದಲ್ಲಿ ಆಟಕ್ಕೆ 40 ಜನರಂತೆ 160 ಟಿಕೆಟ್ ಮಾರಾಟವಾದವು, ತೆರಿಗೆ ಸೇರಿ ದರ 80 ರೂಪಾಯಿ ಎಂದುಕೊಂಡರೆ ಬರುವುದು 12,800 ರೂ. ಇದರಲ್ಲಿ ಶೇ. 5ರ ಜಿ.ಎಸ್.ಟಿ. ಸುಮಾರು 610 ರೂ. ಉಳಿದದ್ದರಲ್ಲಿ ಅರ್ಧ ವಿತರಕನ ಪಾಲಾದರೆ ಚಿತ್ರಮಂದಿರಕ್ಕೆ ಉಳಿಯುವುದು ಸುಮಾರು 6,100 ರೂ. ವಿದ್ಯುತ್ ಬಿಲ್ಲು, ಸಿಬ್ಬಂದಿಯ ಸಂಬಳ, ಪ್ರೊಜೆಕ್ಟರಿನ ನಿರ್ವಹಣೆ, ಆಸ್ತಿ ತೆರಿಗೆ, ರಿಪೇರಿ ಎಲ್ಲವೂ ಇದರಲ್ಲೇ ಆಗಬೇಕು. 40 ಜನ ನೋಡಿದರೂ 400 ಜನ ನೋಡಿದರೂ ಪ್ರೊಜೆಕ್ಟರಿನ ಖರ್ಚು ಒಂದೇ. ಬಸ್ ನಿಲ್ದಾಣದ ಬಳಿಯ ಅದೇ ಜಾಗದಲ್ಲಿ ಮಳಿಗೆಗಳನ್ನೋ ಕಲ್ಯಾಣ ಮಂಟಪವನ್ನೋ ಕಟ್ಟಿದರೆ ಇಷ್ಟು ತಾಪತ್ರಯವಿಲ್ಲದೆ ಬಾಡಿಗೆ ಬರುತ್ತದೆ. ಟಾಕೀಸನ್ನು ಮುಚ್ಚಿಸುತ್ತಿರುವುದು ಬಹುಮಟ್ಟಿಗೆ ಈ ಹೋಲಿಕೆ.

ಪೆಟ್ಟುಗಳ ಸರಣಿ

ಪ್ರೇಕ್ಷಕರು ಒಂದೇ ದಿನ ದೂರವಾಗಲಿಲ್ಲ. 1980ರ ದಶಕದಲ್ಲಿ ವಿಡಿಯೋ ಪಾರ್ಲರುಗಳು ಬಂದವು. 1987ರ ಜನವರಿಯಿಂದ ದೂರದರ್ಶನದ ‘ರಾಮಾಯಣ’ ಭಾನುವಾರದ ಬೆಳಗನ್ನು ಮನೆಯೊಳಗೆ ಹಿಡಿದಿಟ್ಟಿತು. 1994ರಲ್ಲಿ ಉದಯ ಟಿ.ವಿ. ಆರಂಭವಾದ ಮೇಲೆ ಕನ್ನಡ ಚಿತ್ರಗಳು ನಿತ್ಯ ಮನೆಗೇ ಬಂದವು. ಬಳಿಕ ನಕಲಿ ಸಿ.ಡಿ., ಅನಂತರ ಮೊಬೈಲು.

ಡಿಜಿಟಲ್ ಪ್ರದರ್ಶನ ತಂದದ್ದು ಮಿಶ್ರಫಲ. ಫಿಲ್ಮಿನ ಕಾಲದಲ್ಲಿ ಒಂದೊಂದು ಪ್ರಿಂಟಿಗೂ ಹೆಚ್ಚು ವೆಚ್ಚವಾಗುತ್ತಿದ್ದುದರಿಂದ ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಕೇಂದ್ರಗಳು, ಆಮೇಲೆ ಜಿಲ್ಲಾ ಕೇಂದ್ರಗಳು, ಕೊನೆಗೆ ತಾಲೂಕು ಊರುಗಳು ಎಂಬ ಸರದಿಯಿತ್ತು. ಗೀರು ಬಿದ್ದು ಮಳೆ ಸುರಿದಂತೆ ಕಾಣುವ ಪ್ರಿಂಟು ತಿಂಗಳುಗಳ ನಂತರ ಸಣ್ಣ ಊರಿಗೆ ಬರುತ್ತಿತ್ತು. 2005ರ ಸುಮಾರಿಗೆ ಉಪಗ್ರಹದ ಮೂಲಕ ಚಿತ್ರ ತಲುಪಿಸುವ ವ್ಯವಸ್ಥೆ ಬಂದು, ಮುಂದಿನ ಹತ್ತು ವರ್ಷಗಳೊಳಗೆ ಫಿಲ್ಮು ಮರೆಯಾಯಿತು. ಬೆಂಗಳೂರಿನಲ್ಲಿ ಬಿಡುಗಡೆಯಾದ ದಿನವೇ ತಾಲೂಕು ಊರಿನಲ್ಲೂ ಚಿತ್ರ ನೋಡುವ ಭಾಗ್ಯ ದೊರೆಯಿತು. ಆದರೆ ಅದೇ ಕಾರಣಕ್ಕೆ ಚಿತ್ರದ ಆಯುಸ್ಸು ಒಂದೆರಡು ವಾರಕ್ಕೆ ಇಳಿಯಿತು. ಹಳೆಯ ಚಿತ್ರಗಳನ್ನು ಕಡಿಮೆ ಬಾಡಿಗೆಗೆ ತಂದು ವರ್ಷವಿಡೀ ಪರದೆ ತುಂಬಿಸುವ ಮಾರ್ಗ ಕಿರಿದಾಯಿತು. ಜೊತೆಗೆ ಡಿಜಿಟಲ್ ಸಂಸ್ಥೆಗಳ ಶುಲ್ಕವೂ ಸೇರಿತು.

2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಮುಚ್ಚಿದ ಚಿತ್ರಮಂದಿರಗಳಿಗೆ ಅಕ್ಟೋಬರ್ 15ರಿಂದ ಅರ್ಧ ಆಸನಗಳೊಡನೆ ತೆರೆಯಲು ಅನುಮತಿ ದೊರೆಯಿತು. 2021ರ ಎರಡನೆಯ ಅಲೆಯಲ್ಲಿ ಮತ್ತೆ ಬಾಗಿಲು ಹಾಕಬೇಕಾಯಿತು. ಆ ಬಿಡುವಿನಲ್ಲಿ ಒ.ಟಿ.ಟಿ. ವೇದಿಕೆಗಳು ಮನೆಮನೆಯನ್ನು ತಲುಪಿದವು. ‘ಕೆ.ಜಿ.ಎಫ್.’ ಎರಡನೆಯ ಭಾಗ ಹಾಗೂ ‘ಕಾಂತಾರ’ 2022ರಲ್ಲಿ ಜನರನ್ನು ಮತ್ತೆ ಚಿತ್ರಮಂದಿರಕ್ಕೆ ಎಳೆತಂದವು. ಆದರೆ ವರ್ಷಕ್ಕೆ ನಾಲ್ಕೈದು ಚಿತ್ರ ತುಂಬಿ ಓಡಿದರೆ ಮಲ್ಟಿಪ್ಲೆಕ್ಸ್ ಉಳಿದೀತು. ಒಂದೇ ಪರದೆಯ ಟಾಕೀಸಿಗೆ ವರ್ಷದ 52 ವಾರವೂ ಚಿತ್ರ ಬೇಕು.

ಸರ್ಕಾರದ ಗಮನ ಎಲ್ಲಿ?

ತೆರಿಗೆಯ ವಿಷಯದಲ್ಲಿ ಪರಿಸ್ಥಿತಿ ಸುಧಾರಿಸಿದೆ. 2017ರ ಜುಲೈನಲ್ಲಿ ಜಿ.ಎಸ್.ಟಿ. ಜಾರಿಯಾದಾಗ 100 ರೂ. ಒಳಗಿನ ಟಿಕೆಟ್ಟಿಗೆ ಶೇ. 18 ತೆರಿಗೆಯಿತ್ತು. 2019ರ ಜನವರಿಯಿಂದ ಅದು ಶೇ. 12ಕ್ಕೆ, 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ತಾಲೂಕು ಊರಿನ ಟಾಕೀಸುಗಳಿಗೆ ಇದು ನೇರ ಲಾಭ.

ಆದರೆ ರಾಜ್ಯದಲ್ಲಿ ಹೆಚ್ಚು ಸದ್ದು ಮಾಡಿದ್ದು ಬೇರೆ ವಿಷಯ. 2025ರ ಮಾರ್ಚ್ ಬಜೆಟ್ಟಿನಲ್ಲಿ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಘೋಷಿಸಿತು. ಸೆಪ್ಟೆಂಬರಿನಲ್ಲಿ ಅಧಿಸೂಚನೆ ಹೊರಬಿದ್ದ ಕೆಲವೇ ದಿನಗಳಲ್ಲಿ ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ನಗರದ ಪ್ರೇಕ್ಷಕನಿಗೆ ಇದು ಮಹತ್ವದ ವ್ಯಾಜ್ಯವೇ ಸರಿ. 100 ರೂಪಾಯಿಗೂ ಟಿಕೆಟ್ ಮಾರಲು ಕಷ್ಟಪಡುವ ಸಣ್ಣ ಊರಿನ ಚಿತ್ರಮಂದಿರಕ್ಕೆ ಮಾತ್ರ 200ರ ಮಿತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದೇ ಬಜೆಟ್ಟಿನಲ್ಲಿ ಸರ್ಕಾರಿ–ಖಾಸಗಿ ಸಹಭಾಗಿತ್ವದ ಮಲ್ಟಿಪ್ಲೆಕ್ಸ್‌ಗೆ ಗುರುತಿಸಿದ ಜಾಗವೂ ಬೆಂಗಳೂರಿನ ನಂದಿನಿ ಬಡಾವಣೆಯಲ್ಲಿದೆ. ಪರದೆಗೆ ಕೊರತೆಯಿಲ್ಲದ ನಗರಕ್ಕೆ ಮತ್ತೊಂದು ಪರದೆ ಎಂಬುದು ಗಮನಿಸಬೇಕಾದ ಸಂಗತಿ.

ಇತರೆಡೆ ಬೇರೆ ಪ್ರಯತ್ನಗಳು ನಡೆದಿವೆ. 1975ರಲ್ಲಿ ಸ್ಥಾಪನೆಯಾದ ಕೇರಳ ರಾಜ್ಯ ಚಲನಚಿತ್ರ ಅಭಿವೃದ್ಧಿ ನಿಗಮ ತಿರುವನಂತಪುರದಲ್ಲಷ್ಟೇ ಅಲ್ಲ, ಚೇರ್ತಲ, ಉತ್ತರ ಪರವೂರು, ಚಿತ್ತೂರಿನಂಥ ಸಣ್ಣ ಊರುಗಳಲ್ಲೂ ಚಿತ್ರಮಂದಿರ ನಡೆಸುತ್ತದೆ. ಪ್ಯಾರಿಸ್ಸಿನಲ್ಲಿ 1973ರಲ್ಲಿ ಆರಂಭವಾಗಿ 2018ರಲ್ಲಿ ಮುಚ್ಚಿದ ಲಾ ಕ್ಲೆಫ್ ಎಂಬ ಪುಟ್ಟ ಚಿತ್ರಮಂದಿರಕ್ಕಾಗಿ ಪ್ರೇಕ್ಷಕರೇ ವರ್ಷಗಟ್ಟಲೆ ಹೋರಾಡಿ, ದೇಣಿಗೆ ಕೂಡಿಸಿ 2024ರಲ್ಲಿ ಕಟ್ಟಡವನ್ನೇ ಕೊಂಡರು. ಒಂದೆಡೆ ಸರ್ಕಾರ ಮುಂದಾಯಿತು, ಇನ್ನೊಂದೆಡೆ ಜನ ಮುಂದಾದರು. ಚಿತ್ರಮಂದಿರವನ್ನು ಗ್ರಂಥಾಲಯದಂತೆ, ರಂಗಮಂದಿರದಂತೆ ಊರಿನ ಅಗತ್ಯವೆಂದು ಎಣಿಸಿದ್ದು ಎರಡಕ್ಕೂ ಸಾಮಾನ್ಯವಾದ ಅಂಶ.

ಉಳಿಸಬೇಕಾದದ್ದು ಯಾವುದು?

ಸಾವಿರ ಆಸನದ ಹಳೆಯ ಟಾಕೀಸನ್ನು ಇದ್ದಂತೆಯೇ ಉಳಿಸುವುದು ಎಲ್ಲೆಡೆ ಸಾಧ್ಯವಾಗದು. ಆದರೆ ಅದೇ ಜಾಗದಲ್ಲಿ ಮಳಿಗೆಗಳು ಬರುವಾಗ ನೂರು–ನೂರೈವತ್ತು ಆಸನದ ಒಂದು ಪರದೆಗೂ ಸ್ಥಳ ಬಿಡುವಂತೆ ಪ್ರೋತ್ಸಾಹಿಸಬಹುದು. ಸುರಕ್ಷತೆಗೆ ಕುಂದಿಲ್ಲದಂತೆ ಸಣ್ಣ ಪರದೆಯ ಪರವಾನಗಿಯನ್ನು ಸರಳಗೊಳಿಸಬಹುದು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆ ಚಿತ್ರ, ವಾರದಲ್ಲೊಂದು ಸಂಜೆ ನಾಟಕ, ಜಾತ್ರೆಯ ದಿನಗಳಲ್ಲಿ ಹಳೆಯ ಚಿತ್ರಗಳು ಹೀಗೆ ಖಾಲಿ ಆಟಗಳ ಜಾಗವನ್ನು ಊರೇ ತುಂಬಬಹುದು. ತಾಲೂಕು ಊರಿನ ಪರದೆ ದೊಡ್ಡ ನಟನ ಚಿತ್ರಕ್ಕಾಗಿ ಕಾದು ಕುಳಿತರೆ ಉಳಿಯದು. ಊರಿನ ನಿತ್ಯದ ಬಳಕೆಗೆ ಒದಗಿದರಷ್ಟೇ ಉಳಿದೀತು.

‘ಕಿತ್ತೂರು ಚೆನ್ನಮ್ಮ’ ಬಂದ 51 ವರ್ಷಗಳ ಬಳಿಕ, 2012ರಲ್ಲಿ ದರ್ಶನ್ ಅಭಿನಯದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ತೆರೆಕಂಡಿತು. ಎರಡೂ ಚಿತ್ರಗಳು ಇಂದು ಮೊಬೈಲಿನಲ್ಲಿ ಸಿಗುತ್ತವೆ. ಯಾರು ಬೇಕಾದರೂ ಒಬ್ಬರೇ ಕುಳಿತು ನೋಡಬಹುದು. ಆದರೆ ರಾಣಿಯನ್ನು ಸೆರೆ ಹಿಡಿದಾಗ ನೂರಾರು ಜನ ಒಮ್ಮೆಲೇ ಉಸಿರು ಬಿಗಿಹಿಡಿಯುವುದು, ರಾಯಣ್ಣ ಕತ್ತಿ ಎತ್ತಿದಾಗ ಸಿಳ್ಳೆ ಹೊಡೆಯುವುದು ಅಂಗೈಯ ಪರದೆಯಲ್ಲಿ ಆಗದ ಮಾತು. ಈ ಕಥೆಗಳು ನಡೆದ ನೆಲದಲ್ಲೇ ಅವನ್ನು ಕೂಡಿ ನೋಡಲು ಒಂದು ಚಾವಣಿ ಇಲ್ಲವಾದರೆ ನಷ್ಟ ಟಾಕೀಸಿನ ಮಾಲೀಕನದೊಂದೇ ಅಲ್ಲ.